ಹಿಲ್‌ಕ್ರಾಫ್ಟ್‌ನ ಮೆಂತ್ಯಸೊಪ್ಪು

ಡಾಲಸ್‌ನಿಂದ ಹ್ಯೂಸ್ಟನ್‌ಗೆ ಐ-45ರಲ್ಲಿ ಸುಮಾರು 240 ಮೈಲಿ. ನಡುವೆ ಮ್ಯಾಡಿಸನ್‌ವಿಲ್‌ನ ಬಕ್ಕೀಸ್‌ನಲ್ಲಿ ಬೀವರ್ ನಗೆಟ್ಸ್ ಕೊಡಿಸದೆ ಮಗಳು ಕಾರು ಹತ್ತುವುದಿಲ್ಲ. (ಪೌಷ್ಟಿಕತೆ ನನ್ನ ಸಂಶೋಧನೆಯ ವಿಷಯ, ಅವಳಿಗೇನು!) ಹಿಲ್‌ಕ್ರಾಫ್ಟ್‌ನ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟ್‌ನಲ್ಲಿ ಮೆಂತ್ಯಸೊಪ್ಪು ಕೊಂಡೆ. "ಕಹಿ ಅಮ್ಮಾ, ಬೇಡ" ಅಂದಳು. ಊರಿಗೆ ಹೋದಾಗ ಅಜ್ಜಿಯ ಪಕ್ಕ ಕೂತು ಇವಳು ಏನು ಉಣ್ಣುತ್ತಾಳೆ ಎಂಬುದೇ ನನ್ನ ಚಿಂತೆ.

1982ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಲಿಯಾನ್ ಬರ್ಚ್ ಮತ್ತು ಸಂಗಡಿಗರು ಎರಡು ವರ್ಷದ ಮಕ್ಕಳಿಗೆ ಹೊಸ ತಿನಿಸುಗಳನ್ನು 2ರಿಂದ 20 ಸಲ ರುಚಿ ತೋರಿಸಿದ್ದರು; ಹೆಚ್ಚು ಸಲ ತಿಂದದ್ದೇ ಹೆಚ್ಚು ಹಿಡಿಸಿತು. ನಾವೋ, ಮೂರನೇ ಸಲಕ್ಕೇ "ಇವಳಿಗೆ ಸೇರಲ್ಲ" ಎಂದು ಷರಾ ಬರೆದುಬಿಡುತ್ತೇವೆ. ಬಲವಂತವಂತೂ ಕೂಡದು.

ಆಸ್ಟಿನ್‌ನ ಗೆಳತಿಯ ಮನೆಯಲ್ಲಿ ಆ ಸೊಪ್ಪು ಅಕ್ಕಿರೊಟ್ಟಿಗೆ ಸೇರಿತು. ಚೂರು ಬಾಯಿಗಿಟ್ಟು, ಅಗಿದು, ಉಗಿದಳು. ನನ್ನ ಲೆಕ್ಕದಲ್ಲಿ ಅದು ಏಳನೇ ಸಲ.