ರಾಜಾಜಿನಗರದಿಂದ ಕೆಂಗೇರಿಗೆ: ಹಳೆಯ ಕಾರಿನ ಬ್ರೇಕು

ಬೆಂಗಳೂರು ಸಮತಟ್ಟಾದ ಪಟ್ಟಣವೆಂದು ಹೊರಗಿನಿಂದ ಬಂದವರು ಭಾವಿಸುವುದುಂಟು. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿರುವ ಈ ಪ್ರಸ್ಥಭೂಮಿಯ ಪಡುವಣ ಭಾಗದಲ್ಲಿ ವಾಸಮಾಡುವವರು ಹಾಗೆ ಹೇಳಲಾರರು. ಮಲ್ಲೇಶ್ವರ, ರಾಜಾಜಿನಗರಗಳ ದಿಣ್ಣೆಯಿಂದ ನೆಲವು ಏರಿಳಿಯುತ್ತ ವೃಷಭಾವತಿಯ ಕಣಿವೆಯನ್ನು ಸೇರುತ್ತದೆ. ಆ ಕಣಿವೆಯ ಜಾಡನ್ನೇ ಹಿಡಿದು ಮೈಸೂರು ರಸ್ತೆಯು ಕೆಂಗೇರಿಗೆ ಸಾಗುತ್ತದೆ. ನಡೆದು ಹೋಗುವವರಿಗೆ ಈ ಇಳಿಜಾರು ಅಷ್ಟಾಗಿ ಗೋಚರಿಸದು. ಹಳೆಯ ಕಾರನ್ನು ಓಡಿಸುವವರಿಗೆ ಮಾತ್ರ ಅದು ಬಲಗಾಲಿನ ಅಡಿಯಲ್ಲಿಯೇ ತಿಳಿಯುತ್ತದೆ.

ನಮ್ಮ ಮನೆಯಲ್ಲಿರುವುದು ಮಾವನವರ ಕಾಲದಿಂದ ಬಂದ ಪ್ರೀಮಿಯರ್ ಪದ್ಮಿನಿ. ಇಟಲಿಯ ಫಿಯಟ್ 1100 ಮಾದರಿಯನ್ನು ಅನುಸರಿಸಿ ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಈ ಗಾಡಿಗೆ 1974ರಿಂದ ಈ ಹೆಸರು. ಒಂದು ಕಾಲಕ್ಕೆ ವೈದ್ಯರ, ವಕೀಲರ, ಮದುವೆಯ ದಿಬ್ಬಣಗಳ ಗಾಡಿಯಾಗಿದ್ದು ಈಗ ಬೀದಿಯಲ್ಲಿ ಕಂಡರೆ ಜನ ತಿರುಗಿ ನೋಡುವಷ್ಟು ವಿರಳವಾಗಿದೆ. ನಮಗಾದರೋ ಅದು ಪ್ರದರ್ಶನದ ವಸ್ತುವಲ್ಲ. ನನ್ನಾಕೆಯು ಕೆಂಗೇರಿ ಉಪನಗರದ ಶಾಲೆಯೊಂದರಲ್ಲಿ ಉಪಾಧ್ಯಾಯಿನಿ. ಮಗಳು ಓದುವುದೂ ಅಲ್ಲಿಯೇ. ದಿನವೂ ಬೆಳಿಗ್ಗೆ ರಾಜಾಜಿನಗರದಿಂದ ಹೊರಟು, ಬಸವೇಶ್ವರನಗರ, ವಿಜಯನಗರಗಳನ್ನು ಹಾದು ಅವರಿಬ್ಬರನ್ನು ಬಿಟ್ಟು ಬರುವ ಕೆಲಸ ಈ ಗಾಡಿಯದು.

ಕಳೆದ ಮಳೆಗಾಲದಲ್ಲಿ ಒಂದು ದಿನ ವಿಜಯನಗರದ ಇಳಿಜಾರಿನಲ್ಲಿ ಬ್ರೇಕು ಒತ್ತಿದಾಗ ಗಾಡಿಯು ನಿಂತಿತೇನೋ ನಿಜ. ಆದರೆ ನಿಲ್ಲುವ ಮೊದಲು ಎಡಕ್ಕೆ ಎಳೆಯಿತು. ಎಡಗಡೆಯಲ್ಲಿ ಹೂವಿನ ಗಾಡಿಯೊಂದಿತ್ತು. ಯಾರಿಗೂ ಏನೂ ಆಗಲಿಲ್ಲ. ಸಂಜೆ ಮಗಳಿಂದ ಈ ಸಂಗತಿಯನ್ನು ಕೇಳಿದ ನನ್ನ ತಾಯಿ, "ಇನ್ನು ಈ ಗಾಡಿಯಲ್ಲಿ ಮಗುವನ್ನು ಕೂರಿಸಬೇಡಪ್ಪ. ಮಾರಿಬಿಡು, ಇಲ್ಲವೇ ನೆಟ್ಟಗೆ ಮಾಡಿಸು," ಎಂದರು. ಮಾರನೆಯ ದಿನ ಹೆಂಡತಿ ಮಗಳು ಮೆಟ್ರೋ ಹತ್ತಿದರು. ಕಾರು ನಿಧಾನವಾಗಿ ಕಾಮಾಕ್ಷಿಪಾಳ್ಯಕ್ಕೆ ಹೋಯಿತು.

ಮಾಗಡಿ ರಸ್ತೆಯ ಮಗ್ಗುಲಿನ ಈ ಪಾಳ್ಯವನ್ನು ಪ್ರವಾಸದ ಪುಸ್ತಕಗಳು ವರ್ಣಿಸುವುದಿಲ್ಲ. ಆದರೂ ಬೆಂಗಳೂರಿನ ಕೈಕಸುಬನ್ನು ನೋಡಬೇಕೆನ್ನುವವರು ಲಾಲ್‌ಬಾಗಿನೊಡನೆ ಇದನ್ನೂ ನೋಡತಕ್ಕದ್ದು. ಒಂದೊಂದು ಓಣಿಯಲ್ಲಿಯೂ ಲೇತಿನ ಕಿರುಗುಟ್ಟುವಿಕೆ, ಸುರುಳಿಸುರುಳಿಯಾಗಿ ಬೀಳುವ ಕಬ್ಬಿಣದ ಹೊಟ್ಟು, ಕಾದ ಎಣ್ಣೆಯ ವಾಸನೆ. ಮನೆಯ ಪಡಸಾಲೆಯಷ್ಟೇ ಅಗಲದ ಕೊಠಡಿಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಲೋಹವನ್ನು ಕಡೆಯುವವರಿದ್ದಾರೆ.

ಅಲ್ಲಿನ ಮೇಸ್ತ್ರಿಯು ನಾಲ್ಕು ಗಾಲಿಗಳನ್ನೂ ಬಿಚ್ಚಿಸಿದನು. ಪದ್ಮಿನಿಯ ನಾಲ್ಕು ಗಾಲಿಗಳಿಗೂ ಇರುವುದು ಡ್ರಮ್ ಬ್ರೇಕು. ಗಾಲಿಯೊಡನೆ ತಿರುಗುವ ಬಟ್ಟಲಿನಂಥ ಡ್ರಮ್ಮು. ಅದರೊಳಗೆ ಅರ್ಧಚಂದ್ರಾಕಾರದ ಎರಡು ಬ್ರೇಕ್ ಶೂಗಳು. ಪೆಡಲನ್ನು ಒತ್ತಿದರೆ ಬ್ರೇಕ್ ಆಯಿಲ್ಲು ಕೊಳವೆಗಳ ಮೂಲಕ ಆ ಒತ್ತಡವನ್ನು ಕೊಂಡೊಯ್ದು ಶೂಗಳನ್ನು ಡ್ರಮ್ಮಿನ ಒಳಮೈಗೆ ಅದುಮುತ್ತದೆ. ಮುಚ್ಚಿದ ದ್ರವದ ಒಂದೆಡೆ ಹಾಕಿದ ಒತ್ತಡವು ಎಲ್ಲೆಡೆಗೂ ಕುಂದದೆ ಹರಡುವುದೆಂದು ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಪಾಸ್ಕಲನು ಕಂಡ ತತ್ತ್ವವೇ ಇದು. ನಮ್ಮ ಗಾಡಿಯ ಮುಂದಿನ ಬಲಗಾಲಿಯ ಸಿಲಿಂಡರಿನ ರಬ್ಬರು ಸವೆದು, ಆಯಿಲ್ಲು ಒಸರಿ, ಶೂವಿನ ಲೈನಿಂಗು ನೆನೆದುಹೋಗಿತ್ತು. ಬಲಗಾಲಿ ಜಾರುತ್ತಿತ್ತು, ಎಡಗಾಲಿ ಹಿಡಿಯುತ್ತಿತ್ತು. ಎಡಕ್ಕೆ ಎಳೆದದ್ದು ಇದರಿಂದ.

ಈ ಲೈನಿಂಗಿಗೆ ಒಂದು ಕಥೆಯುಂಟು. 1888ರಲ್ಲಿ ಜರ್ಮನಿಯ ಬೆರ್ಥಾ ಬೆಂಜ್ ಎಂಬ ಗೃಹಿಣಿಯು ಗಂಡ ನಿರ್ಮಿಸಿದ ಮೋಟಾರು ಗಾಡಿಯಲ್ಲಿ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಗಂಡನಿಗೆ ಮುಂಚಿತವಾಗಿ ತಿಳಿಸದೆ, ಮನ್‌ಹೈಮಿನಿಂದ ಪೊರ್ಟ್ಸ್‌ಹೈಮಿಗೆ ನೂರು ಕಿಲೋಮೀಟರಿಗೂ ಮಿಕ್ಕ ಪ್ರಯಾಣ ಮಾಡಿದಳು. ಇಳಿಜಾರುಗಳಲ್ಲಿ ಬ್ರೇಕಿನ ಮರದ ತುಂಡುಗಳು ಸವೆದುಹೋಗಲು, ದಾರಿಯ ಊರೊಂದರ ಚಮ್ಮಾರನಿಂದ ಅವುಗಳ ಮೇಲೆ ತೊಗಲನ್ನು ಹೊಡೆಸಿದಳಂತೆ. ಮಕ್ಕಳೊಡನೆ ಇಳಿಜಾರು ಇಳಿಯುವ ತಾಯಿಯೇ ಈ ಉಪಾಯವನ್ನು ಕಂಡಳೆಂಬುದು ನನಗೆ ಸೋಜಿಗವೆನಿಸುವುದಿಲ್ಲ.

ಹಳೆಯ ಲೈನಿಂಗುಗಳಲ್ಲಿ ಅನೇಕವಕ್ಕೆ ಕಲ್ನಾರು ಸೇರಿರುತ್ತಿತ್ತು. ಆ ಧೂಳು ಪುಪ್ಪುಸಕ್ಕೆ ಮಾರಕ. ಹುಡುಗನೊಬ್ಬನು ಗಾಳಿಯ ಕೊಳವೆಯನ್ನು ಹಿಡಿದು ಡ್ರಮ್ಮಿನ ಧೂಳನ್ನು ಊದಲು ಬಂದಾಗ ಮೇಸ್ತ್ರಿಯು ಅವನನ್ನು ತಡೆದು, ಒದ್ದೆಬಟ್ಟೆಯಿಂದ ಒರಸಿಸಿದನು. ಅಷ್ಟರಿಂದಲೇ ನನಗೆ ಅವನಲ್ಲಿ ವಿಶ್ವಾಸ ಹುಟ್ಟಿತು.

ಕೆಟ್ಟದ್ದು ಒಂದು ಗಾಲಿಯಾದರೂ ಮುಂದಿನ ಎರಡಕ್ಕೂ ಹೊಸ ಶೂಗಳು ಬೇಕೆಂದನು. ಒಂದೇ ಕಡೆಗೆ ಹಾಕಿದರೆ ಎಳೆತವು ಇನ್ನೊಂದು ಕಡೆಗೆ ತಿರುಗುತ್ತದೆ. ಡ್ರಮ್ಮುಗಳ ಒಳಮೈಯಲ್ಲಿ ಗೀರುಗಳೆದ್ದಿದ್ದವು. ಲೇತಿಗೆ ಹಾಕಿ ನಯಮಾಡಿಸಿದೆವು. ಡ್ರಮ್ಮನ್ನು ಮನಸ್ಸು ಬಂದಷ್ಟು ಸಲ ಕಡೆಯಲಾಗದು. ತೆಳುವಾದಷ್ಟೂ ಅದು ಬೇಗ ಕಾಯುತ್ತದೆ. 900 ಕಿಲೋ ತೂಕದ ಗಾಡಿಯು ಗಂಟೆಗೆ 80 ಕಿಲೋಮೀಟರು ವೇಗದಿಂದ ಬಂದು ನಿಂತಾಗ ಹುಟ್ಟುವ ಶಾಖವು ಅರ್ಧ ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವ ಹದಕ್ಕೆ ತರಬಲ್ಲುದು. ಒಲೆಯಿಲ್ಲದೆ, ಕೆಲವೇ ಕ್ಷಣಗಳಲ್ಲಿ! ಕಾದ ಡ್ರಮ್ಮು ಹಿಗ್ಗಿ ಶೂವಿನಿಂದ ದೂರ ಸರಿಯುತ್ತದೆ, ಪೆಡಲು ಕೆಳಕ್ಕಿಳಿಯುತ್ತದೆ.

ಇನ್ನು ಮಾರ್ಪಾಟಿನ ವಿಚಾರ. "ಮುಂದಕ್ಕೆ ಡಿಸ್ಕ್ ಹಾಕಿಸಿಬಿಡಿ ಸಾರ್, ಹೊಸ ಕಾರಿನ ಹಾಗೆ ನಿಲ್ಲುತ್ತೆ," ಎಂದು ಪಕ್ಕದ ಅಂಗಡಿಯ ತರುಣನು ಸಲಹೆಯಿತ್ತನು. ಡಿಸ್ಕ್ ಬ್ರೇಕು ಗಾಳಿಗೆ ತೆರೆದಿರುವುದರಿಂದ ಬೇಗ ಆರುತ್ತದೆ, ನೀರಿನಲ್ಲಿ ನೆನೆದರೂ ಬೇಗ ಒಣಗುತ್ತದೆ, ಇದರಲ್ಲಿ ಸಂದೇಹವಿಲ್ಲ. ಆದರೆ ಬೇರೊಂದು ಕಾರಿನ ಡಿಸ್ಕನ್ನು ಇದಕ್ಕೆ ಬೆಸೆದು ಕೂರಿಸಿದರೆ ಮುಂದಿನ ಮತ್ತು ಹಿಂದಿನ ಗಾಲಿಗಳ ಹಿಡಿತದ ಹೊಂದಿಕೆ ತಪ್ಪುತ್ತದೆ. ಮೇಲಾಗಿ, ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ಗಾಡಿಯನ್ನು ಮಾರ್ಪಡಿಸಕೂಡದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು ವಿಧಿಸುತ್ತದೆ. ಹದಿನೈದು ವರ್ಷ ದಾಟಿದ ಖಾಸಗಿ ಕಾರುಗಳು ಐದೈದು ವರ್ಷಗಳಿಗೊಮ್ಮೆ ಪರೀಕ್ಷೆಗೆ ನಿಂತು ನೋಂದಣಿಯನ್ನು ನವೀಕರಿಸಿಕೊಳ್ಳಬೇಕಷ್ಟೆ. ಅಲ್ಲಿ ಇಂಥ ಬೆಸುಗೆಗೆ ಏನೆಂದು ಉತ್ತರ ಕೊಡುವುದು?

ಬೂಸ್ಟರಿನ ಮಾತೂ ಬಂದಿತು. ಇಂಜಿನ್ನು ಗಾಳಿಯನ್ನು ಹೀರುವಾಗ ಉಂಟಾಗುವ ನಿರ್ವಾತದ ಬಲದಿಂದ ಅದು ಕಾಲಿಗೆ ನೆರವಾಗುತ್ತದೆ. ಕಾಲಿನ ಶ್ರಮ ಕಡಿಮೆಯಾಗುವುದು ನಿಜ. ಆದರೆ ಟೈರು ನೆಲವನ್ನು ಹಿಡಿಯುವ ಶಕ್ತಿಯನ್ನು ಅದು ಹೆಚ್ಚಿಸಲಾರದು. ಆ ಹಣಕ್ಕೆ ಒಳ್ಳೆಯ ಟೈರುಗಳು ಬರುತ್ತವೆ.

ನನ್ನ ಅಭಿಪ್ರಾಯದಲ್ಲಿ ನಿಜವಾಗಿ ಬೆಲೆಯುಳ್ಳ ಮಾರ್ಪಾಟು ಕಣ್ಣಿಗೆ ಕಾಣದ್ದು. ನಮ್ಮ ಗಾಡಿಯ ಮಾಸ್ಟರ್ ಸಿಲಿಂಡರಿಗೆ ಇರುವುದು ಒಂದೇ ಕೋಣೆ. ಎಲ್ಲಿಯೋ ಒಂದು ಹೋಸ್ ಪೈಪು ಒಡೆದರೆ ನಾಲ್ಕು ಗಾಲಿಗಳ ಬ್ರೇಕೂ ಒಟ್ಟಿಗೆ ಹೋಗುತ್ತದೆ. ಎರಡು ಕೋಣೆಗಳಿದ್ದರೆ ಅರ್ಧವಾದರೂ ಉಳಿಯುತ್ತದೆ. ಸಾರಿಗೆ ಕಚೇರಿಯ ಒಪ್ಪಿಗೆಯನ್ನು ಕೇಳಿ ಬಳಿಕ ಹಾಕಿಸೋಣವೆಂದು ಅದನ್ನು ಮುಂದಕ್ಕಿಟ್ಟೆವು. ಅಲ್ಲಿಯವರೆಗೆ ಆಪತ್ಕಾಲಕ್ಕೆ ಉಳಿದಿರುವುದು ಆಯಿಲ್ಲಿನ ಹಂಗಿಲ್ಲದೆ ತಂತಿಯಿಂದ ಕೆಲಸಮಾಡುವ ಹ್ಯಾಂಡ್ ಬ್ರೇಕು ಒಂದೇ. ಆದಕಾರಣ ಆ ತಂತಿಯನ್ನೂ, ಎಲ್ಲ ಹೋಸ್ ಪೈಪುಗಳನ್ನೂ, ಸಿಲಿಂಡರುಗಳ ರಬ್ಬರುಗಳನ್ನೂ ಹೊಸದಾಗಿ ಹಾಕಿಸಿದೆ.

ಕೊಳವೆಗಳಿಂದ ಗಾಳಿ ತೆಗೆಯುವ ದಿನ ಶಾಲೆಗೆ ರಜೆ. ನನ್ನಾಕೆಯೇ ಬಂದು ಒಳಗೆ ಕುಳಿತಳು. ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಹಿಂದಿನ ಎಡಗಾಲಿಯಿಂದ ಆರಂಭ. "ಒತ್ತಿ ಹಿಡ್ಕೊಳ್ಳಿ ಅಮ್ಮಾ... ಹಾಂ, ಈಗ ಬಿಡಿ." ಸೀಸೆಯಲ್ಲಿ ಮೊದಲು ಕಾಫಿಯ ಬಣ್ಣದ ದ್ರವ, ಬಳಿಕ ಗುಳ್ಳೆಗಳು, ಕೊನೆಗೆ ತಿಳಿಯಾದ ಹೊಸ ಆಯಿಲ್ಲು. ಇದು ಗಾಳಿಯ ತೇವವನ್ನು ಹೀರುವ ಸ್ವಭಾವದ್ದು. ಡಾಟ್ 3 ದರ್ಜೆಯದು ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯದಿರಬೇಕು. ತೇವವನ್ನು ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಕುದಿದರೆ ಆವಿಯ ಗುಳ್ಳೆಗಳು. ಗುಳ್ಳೆಗಳಿದ್ದರೆ ಪೆಡಲು ಬರಿಯ ಹತ್ತಿಯಂತೆ. ಆದುದರಿಂದ ಎರಡು ವರ್ಷಕ್ಕೊಮ್ಮೆ ಬದಲಿಸುವುದು ಕ್ಷೇಮ. ಬಿರಡೆ ತೆಗೆದ ಹಳೆಯ ಡಬ್ಬಿಯನ್ನು ಉಳಿತಾಯವೆಂದು ಅಟ್ಟದಲ್ಲಿಡಬಾರದು. ಮೂರನೆಯ ಗಾಲಿಗೆ ಬರುವಷ್ಟರಲ್ಲಿ ನನ್ನಾಕೆಯು, "ಈಗ ಕಾಲಿಗೆ ಕಲ್ಲು ಸಿಕ್ಕ ಹಾಗಿದೆ," ಎಂದಳು. ಮೇಸ್ತ್ರಿಯು ನಕ್ಕು, "ಅದೇ ಬೇಕಾಗಿದ್ದು ಅಮ್ಮಾ," ಎಂದನು.

ಸೋಮವಾರ ಬೆಳಿಗ್ಗೆ ಮೂವರೂ ಹೊರಟೆವು. ತಾಯಿಯು ಬಾಗಿಲಲ್ಲಿ ನಿಂತಿದ್ದರು, ಬೇಡವೆನ್ನಲಿಲ್ಲ. ಬಸವೇಶ್ವರನಗರದ ಹಾವನೂರು ವೃತ್ತವನ್ನು ದಾಟಿ, ಮಾಗಡಿ ರಸ್ತೆಯನ್ನು ಹಾದು, ವಿಜಯನಗರದ ತರಕಾರಿ ಗಾಡಿಗಳ ನಡುವೆ ನುಸುಳಿ, ಅತ್ತಿಗುಪ್ಪೆ, ದೀಪಾಂಜಲಿನಗರಗಳ ಕಡೆಗೆ ಇಳಿದೆವು. ಇಲ್ಲಿ ಎರಡನೆಯ ಗೇರಿನಲ್ಲಿ ಇಳಿಯುವುದೇ ಸರಿ. ಇಂಜಿನ್ನೇ ಗಾಡಿಯನ್ನು ಹಿಡಿದಿರಲು ಬ್ರೇಕು ತಣ್ಣಗಿರುತ್ತದೆ.

ನಾಯಂಡಹಳ್ಳಿಯಿಂದಾಚೆಗೆ ತಲೆಯ ಮೇಲೆ ಮೆಟ್ರೋ, ಪಕ್ಕದಲ್ಲಿ ಕೊಳಚೆ ಹೊತ್ತ ವೃಷಭಾವತಿ. ಈ ಮೆಟ್ರೋ ಮಾರ್ಗವು 2021ರ ಆಗಸ್ಟಿನಲ್ಲಿ ಕೆಂಗೇರಿಯವರೆಗೂ, 2023ರ ಅಕ್ಟೋಬರಿನಲ್ಲಿ ಚಲ್ಲಘಟ್ಟದವರೆಗೂ ಬೆಳೆಯಿತು. ಅದರ ಕಂಬಗಳ ಮರೆಯಿಂದ ಪಾದಚಾರಿಗಳು ಹಠಾತ್ತನೆ ಹೊರಬರುತ್ತಾರೆ. ಒಣಗಿದ ರಸ್ತೆ, ಒಳ್ಳೆಯ ಟೈರು, ಒಳ್ಳೆಯ ಬ್ರೇಕು ಇದ್ದರೂ ಗಂಟೆಗೆ 40 ಕಿಲೋಮೀಟರು ವೇಗದಲ್ಲಿ ಬ್ರೇಕು ಒತ್ತಿದ ಮೇಲೆ ಸುಮಾರು 9 ಮೀಟರು ಬೇಕು. 80ರಲ್ಲಿ ಅದರ ಎರಡರಷ್ಟಲ್ಲ, ನಾಲ್ಕರಷ್ಟು, ಅಂದರೆ 36 ಮೀಟರು. ಕಾಲು ಪೆಡಲಿಗೆ ತಲಪುವ ಒಂದು ಸೆಕೆಂಡಿನಲ್ಲಿ ಓಡುವ ದೂರ ಬೇರೆ. ರಾಜರಾಜೇಶ್ವರಿನಗರದ ನಿಲ್ದಾಣದ ಬಳಿ ಮುಂದಿನ ಬಸ್ಸು ಸೂಚನೆಯಿಲ್ಲದೆ ನಿಂತಿತು. ಒತ್ತಿದೆ. ಪದ್ಮಿನಿಯು ತನ್ನ ಸಾಲಿನಲ್ಲಿಯೇ ನೇರವಾಗಿ ನಿಂತಿತು. ಹಿಂದಿನ ಆಸನದಲ್ಲಿ ಮಗಳು ಪುಸ್ತಕದಿಂದ ತಲೆಯೆತ್ತಲಿಲ್ಲ.

ಜ್ಞಾನಭಾರತಿ, ಪಟ್ಟಣಗೆರೆ ಹಿಂದಾದವು. ಕೆಂಗೇರಿಯ ಶಾಲೆಯ ಮುಂದೆ ಅವರಿಬ್ಬರೂ ಇಳಿದುಹೋದ ಮೇಲೆ, ಮೇಸ್ತ್ರಿಯು ಹೇಳಿದ್ದಂತೆ ಒಂದೊಂದು ಗಾಲಿಯ ಬಳಿಯೂ ಕೈ ಹಿಡಿದು ನೋಡಿದೆ. ಒಂದು ಮಗ್ಗುಲು ಮಾತ್ರ ಹೆಚ್ಚು ಕಾದಿದ್ದರೆ ಆ ಕಡೆಯ ಶೂ ಬಿಡದೆ ಉಜ್ಜುತ್ತಿದೆಯೆಂದು ಅರ್ಥ. ಮುಂದಿನ ಎರಡೂ ಸಮವಾಗಿ ಬಿಸಿಯಾಗಿದ್ದವು, ಹಿಂದಿನ ಎರಡೂ ಸಮವಾಗಿ ಬೆಚ್ಚಗಿದ್ದವು. ಮನೆಗೆ ಫೋನು ಮಾಡಿ ತಾಯಿಗೆ ತಿಳಿಸಿ, ಎದುರಿನ ದರ್ಶಿನಿಯಲ್ಲಿ ಒಂದು ಕಾಫಿ ಕುಡಿದೆ.