ಮಾಗಡಿಯ ಚಿರತೆ

ಅಂಜುವವನಿಗೇ ಅಂಜಿಸುವ ಕಥೆಯ ಮೇಲೆ ಆಸೆ ಹೆಚ್ಚು. ಭರತಮುನಿ ಹೇಳಿದ ಎಂಟು ರಸಗಳಲ್ಲಿ ಭಯಾನಕವೂ ಒಂದು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಸೀಮೆಯಲ್ಲಿ ಈ ರಸಕ್ಕೆ ಬರಗಾಲವಿಲ್ಲ. ಹಳ್ಳಿಯ ಬೆನ್ನಿಗೇ ಹೆಬ್ಬಂಡೆಗಳ ಬೆಟ್ಟ, ಬಂಡೆಗಳ ಸಂದಿನಲ್ಲಿ ಗವಿ, ಗವಿಯಲ್ಲಿ ಚಿರತೆ.

ಬೆಂಗಳೂರಿನಲ್ಲಿ ನೆಲೆಸಿದ್ದ ಬೇಟೆಗಾರ ಕೆನೆತ್ ಆಂಡರ್ಸನ್ (1910–1974) ದಕ್ಷಿಣ ಭಾರತದ ಕಾಡುಗಳನ್ನು ಸುತ್ತಿ, ಕಂಡು ಕೇಳಿದುದನ್ನು ಇಂಗ್ಲಿಷಿನಲ್ಲಿ ಬರೆದರು. ಅವರ ಬರಹಗಳನ್ನು ಪೂರ್ಣಚಂದ್ರ ತೇಜಸ್ವಿಯವರು ‘ಕಾಡಿನ ಕತೆಗಳು’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದರು. ಅದರ ನಾಲ್ಕನೆಯ ಭಾಗ ‘ಮುನಿಶಾಮಿ ಮತ್ತು ಮಾಗಡಿ ಚಿರತೆ’. ತನ್ನೂರಿನ ಹೆಸರನ್ನು ಮುಖಪುಟದಲ್ಲಿ ಕಂಡ ಹುಡುಗ ಆ ಪುಸ್ತಕವನ್ನು ಕೈಬಿಡುವುದುಂಟೆ?

ಈ ಕಥೆಗಳಿಗೆ ಋತುಭೇದವಿಲ್ಲ. ಮಳೆಗಾಲದಲ್ಲಿ ಜಗಲಿಯ ಮೇಲೆ, ಸುಗ್ಗಿಯಲ್ಲಿ ರಾಗಿಕಣದ ಕಾವಲಿನಲ್ಲಿ, ಬೇಸಗೆಯ ರಜೆಯಲ್ಲಿ ಹುಣಿಸೆಮರದ ನೆರಳಿನಲ್ಲಿ ಅವು ನಡೆಯುತ್ತವೆ. ಒಬ್ಬನೇ ಓದಿದರೆ ಅರ್ಧ ಸುಖ. ಓದುವವನೊಬ್ಬ, ಕೇಳುವವರು ನಾಲ್ವರಿದ್ದರೆ ರಸವೇರುತ್ತದೆ. ದೆವ್ವದ ಕಥೆಗಿಂತ ಇವು ಮೇಲು. ಏಕೆಂದರೆ ಇಲ್ಲಿ ಭಯಕ್ಕೊಂದು ಕಾರಣವುಂಟು: ಗುಂಡೇಟು ತಿಂದು ಕುಂಟಾದ ಪ್ರಾಣಿ ಸುಲಭದ ಬೇಟೆಯನ್ನು ಅರಸುತ್ತದೆ.

ಕಥೆ ಒಮ್ಮೊಮ್ಮೆ ಪುಸ್ತಕದಿಂದ ಹೊರಗೂ ಬರುತ್ತದೆ. 2020ರ ಮೇ ತಿಂಗಳಲ್ಲಿ ಮಾಗಡಿ ತಾಲ್ಲೂಕಿನ ಹಳ್ಳಿಗಳಲ್ಲಿ ಒಂದು ಮಗುವೂ ಒಬ್ಬ ವೃದ್ಧೆಯೂ ಚಿರತೆಗೆ ಬಲಿಯಾದರು. ಅಂತಹ ಊರಿನಲ್ಲಿ ಓದುವವನ ದನಿ ತಾನಾಗಿಯೇ ತಗ್ಗುತ್ತದೆ. ಕೇಳಲು ಕುಳಿತವರ ನಡುವೆ ಆ ಮನೆಯವರು ಕಂಡರೆ, ಅವನು ಪುಸ್ತಕವನ್ನು ಮಡಿಸಿಟ್ಟು, ಮಳೆ ಬೆಳೆಯ ಮಾತು ತೆಗೆಯುತ್ತಾನೆ.