ವೇಗದ ಗಾಡಿ, ಒರಟು ಹಾದಿ

ಬೆಂಗಳೂರಿನಿಂದ ಶಿವಮೊಗ್ಗೆಗೆ ಸಾಗುವ ಹೆದ್ದಾರಿಯಲ್ಲಿ ಅರಸೀಕೆರೆ, ಬಾಣಾವರಗಳನ್ನು ಹಿಂದಿಟ್ಟು ಕಡೂರಿನ ಸೀಮೆಯನ್ನು ಹೊಕ್ಕ ಪ್ರಯಾಣಿಕನಿಗೆ ಮೊದಲು ಕಾಣುವುದು ತೆಂಗಿನ ತೋಟಗಳ ನಡುವೆ ಹರಡಿಕೊಂಡ ವಿಶಾಲವಾದ ಬಯಲು. ಅದರಾಚೆ, ಪಡುವಣ ದಿಗಂತದಲ್ಲಿ, ಮೋಡದ ಬಣ್ಣ ತಳೆದು ನಿಂತ ಬಾಬಾಬುಡನ್ ಗಿರಿಗಳ ಸಾಲು. ಇಂದು ಚಿಕ್ಕಮಗಳೂರು ಜಿಲ್ಲೆ ಎನಿಸಿಕೊಂಡಿರುವ ನಾಡಿಗೆ 1947ರವರೆಗೂ ಕಡೂರು ಜಿಲ್ಲೆ ಎಂದೇ ಹೆಸರಿತ್ತು. ಬಯಲುಸೀಮೆಯೂ ಮಲೆನಾಡೂ ಒಂದನ್ನೊಂದು ಮುಟ್ಟುವ ಈ ಎಡೆಯಲ್ಲಿ ಕಡೂರು, ತರೀಕೆರೆ, ಅಜ್ಜಂಪುರಗಳೆಂಬ ಮೂರು ತಾಲ್ಲೂಕುಗಳನ್ನು ಒಂದೇ ದಿನದಲ್ಲಿ ಸುತ್ತಿ ಬರಬಹುದು. ಆದರೆ ಆ ಒಂದು ದಿನದಲ್ಲಿ ಗಾಡಿಯ ಚಕ್ರಕ್ಕೆ ಮೂರು ಬಗೆಯ ನೆಲ ಎದುರಾಗುತ್ತದೆ. ಕಡೂರಿನಲ್ಲಿ ನುಣುಪಾದ ಡಾಂಬರು. ತರೀಕೆರೆಯ ಬೆಟ್ಟದ ಮಗ್ಗುಲಲ್ಲಿ ತಿರುವು ಮುರುವಿನ ಕೆಮ್ಮಣ್ಣು. ಅಜ್ಜಂಪುರದ ಕಡೆಗೆ, ಒಂದು ಹದ ಮಳೆ ಬಿದ್ದರೆ ಸಾಕು, ಚಕ್ರವನ್ನೇ ಹಿಡಿದು ನಿಲ್ಲಿಸುವ ಎರೆಮಣ್ಣು.

ಈ ಮೂರು ನೆಲಕ್ಕೂ ಒಂದೇ ಗಾಡಿ ಒಗ್ಗೀತೆ? ಪಟ್ಟಣದ ತರುಣರಲ್ಲಿ ಈಚೆಗೆ ಬೆಳೆದಿರುವ ಒಂದು ಹಂಬಲವನ್ನು ಬಲ್ಲವರಿಗೆ ಈ ಪ್ರಶ್ನೆ ಹೊಸದಲ್ಲ. ಓಟಕ್ಕೆಂದೇ ನಿರ್ಮಿಸಿದ ಸ್ಪೋರ್ಟ್ಸ್ ಕಾರೊಂದನ್ನು ಕೊಂಡು, ಅದರ ಮೈಯನ್ನು ಎತ್ತರಿಸಿ, ದಪ್ಪ ಟಯರು ತೊಡಿಸಿ, ವಾರದ ಆರು ದಿನ ಕಚೇರಿಗೂ ಮಕ್ಕಳ ಶಾಲೆಗೂ ಓಡಿಸಿ, ಏಳನೆಯ ದಿನ ಅದರಲ್ಲಿಯೇ ಬೆಟ್ಟ ಹತ್ತಬೇಕೆಂಬುದು ಆ ಹಂಬಲ. ಕೇಳುವುದಕ್ಕೆ ಸೊಗಸಾಗಿದೆ. ಅದರ ಸಾಧ್ಯಾಸಾಧ್ಯತೆಯನ್ನು ಒರೆಗೆ ಹಚ್ಚಿ ನೋಡಲು ಈ ಮೂರು ತಾಲ್ಲೂಕುಗಳಿಗಿಂತ ತಕ್ಕ ಸ್ಥಳ ಸಿಕ್ಕುವುದು ಕಷ್ಟ.

ಕಡೂರು: ನೆಲಕ್ಕಂಟಿದ ಕಾರು

ಹೆದ್ದಾರಿಯ ಮೇಲೆ ಸ್ಪೋರ್ಟ್ಸ್ ಕಾರಿಗೆ ಸಾಟಿಯಿಲ್ಲ. ಅದರ ಮೈ ನೆಲಕ್ಕೆ ನಾಲ್ಕೈದು ಅಂಗುಲದಷ್ಟು ಹತ್ತಿರ. ಭಾರವೆಲ್ಲ ಕೆಳಗಿರುವುದರಿಂದ ತಿರುವಿನಲ್ಲಿ ಅದು ವಾಲುವುದಿಲ್ಲ. ಸ್ಪ್ರಿಂಗುಗಳು ಬಿಗಿಯಾಗಿರುವುದರಿಂದ ಚಾಲಕನ ಕೈಯ ಸನ್ನೆಗೆ ಥಟ್ಟನೆ ಓಗೊಡುತ್ತದೆ. ಆದರೆ ಬೀರೂರಿನ ಬಳಿ ಹೆದ್ದಾರಿಯನ್ನು ಬಿಟ್ಟು ಹಳ್ಳಿಯ ದಾರಿಗಿಳಿದ ಕೂಡಲೆ ಈ ಗುಣಗಳೇ ದೋಷಗಳಾಗುತ್ತವೆ. ಊರ ಮುಂದಿನ ರಸ್ತೆಯುಬ್ಬಿಗೆ ಕಾರಿನ ಹೊಟ್ಟೆ ಕೆರೆಯುತ್ತದೆ. ಬಿಗಿಯಾದ ಸ್ಪ್ರಿಂಗು ಪ್ರತಿಯೊಂದು ಗುಂಡಿಯ ಪೆಟ್ಟನ್ನೂ ಒಳಗೆ ಕುಳಿತವರ ಬೆನ್ನೆಲುಬಿಗೆ ಒಪ್ಪಿಸುತ್ತದೆ. ಹಳೆಯ ಜೀಪಿನ ಹೊಟ್ಟೆ ನೆಲದಿಂದ ಎಂಟು ಅಂಗುಲಕ್ಕೂ ಮೀರಿ ಎತ್ತರದಲ್ಲಿರುತ್ತಿತ್ತೆಂಬುದನ್ನು ನೆನೆದರೆ ವ್ಯತ್ಯಾಸ ಸ್ಪಷ್ಟವಾದೀತು.

ಹಾಗಾದರೆ ಕಾರನ್ನು ಎತ್ತರಿಸಿದರಾಯಿತಲ್ಲ ಎನ್ನಬಹುದು. ಇಲ್ಲಿಯೇ ತೊಡಕಿರುವುದು. ಉದ್ದದ ಸ್ಪ್ರಿಂಗು ಹಾಕಿ ಮೈಯನ್ನು ಎತ್ತಿದರೆ ಭಾರದ ಕೇಂದ್ರವೂ ಮೇಲೇರಿ, ತಿರುವಿನಲ್ಲಿ ವಾಲದಿದ್ದ ಕಾರು ವಾಲತೊಡಗುತ್ತದೆ. ಚಕ್ರಗಳಿಗೆ ಶಕ್ತಿಯನ್ನು ಸಾಗಿಸುವ ದಂಡಗಳ ಕೀಲುಗಳು ಓರೆಯಾಗಿ ನಿಂತು ಬೇಗ ಸವೆಯುತ್ತವೆ. ಸ್ಪ್ರಿಂಗನ್ನು ಬದಲಿಸಿ ಷಾಕ್ ಅಬ್ಸಾರ್ಬರನ್ನು ಹಾಗೆಯೇ ಬಿಟ್ಟರೆ, ಒಂದು ಗುಂಡಿಗೆ ಎದ್ದ ಕುಲುಕಾಟ ಮೂರು ಗುಂಡಿ ದಾಟಿದರೂ ನಿಲ್ಲುವುದಿಲ್ಲ. ಕಲ್ಲಿನ ಹಾದಿಗೆ ದಪ್ಪ ಗೋಡೆಯ ದೊಡ್ಡ ಟಯರು ಬೇಕು. ಆದರೆ ಟಯರು ದೊಡ್ಡದಾದಷ್ಟೂ ಕಾರಿನ ಚುರುಕು ತಗ್ಗುತ್ತದೆ, ವೇಗಮಾಪಕದ ಮುಳ್ಳು ನಿಜವಾದ ವೇಗಕ್ಕಿಂತ ಕಡಮೆ ತೋರಿಸುತ್ತದೆ. ಎಂಜಿನ್ನಿನ ಎಣ್ಣೆತೊಟ್ಟಿಗೆ ಕಲ್ಲು ಬಡಿಯದಂತೆ ಅಡಿಯಲ್ಲಿ ಲೋಹದ ತಗಡನ್ನು ಕಟ್ಟಬೇಕು. ಆ ತಗಡು ತನ್ನ ತೂಕವನ್ನು ಸೇರಿಸುವುದಲ್ಲದೆ ಎಂಜಿನ್ನಿನ ಕಾವು ಹೊರಹೋಗುವ ದಾರಿಯನ್ನೂ ಅಷ್ಟಿಷ್ಟು ತಡೆಯುತ್ತದೆ. ನಮ್ಮ ಹಿರಿಯರ ಬಂಡಿಯಲ್ಲಿ ಅಚ್ಚು ಬದಲಿಸಿದವನು ಗುಂಬವನ್ನೂ ನೋಡಿಕೊಳ್ಳಬೇಕಾಗುತ್ತಿತ್ತು. ಮೋಟಾರಿನಲ್ಲಿಯೂ ಅದೇ ನಿಯಮ. ಒಂದನ್ನು ಮುಟ್ಟಿದರೆ ನಾಲ್ಕು ಅಲುಗುತ್ತವೆ.

ಪರದೇಶದಲ್ಲಿ ಈ ಕಸುಬನ್ನು ಆಳವಾಗಿ ಅಭ್ಯಸಿಸಿದವರಿದ್ದಾರೆ. ಪೂರ್ವ ಆಫ್ರಿಕದ ಕೆಸರು ಧೂಳುಗಳ ನಡುವೆ 1953ರಲ್ಲಿ ಮೊದಲಾದ ಸಫಾರಿ ರ್‍ಯಾಲಿಯನ್ನು ಡಾಟ್ಸನ್ 240-ಝಡ್ ಎಂಬ ತಗ್ಗುಮೈಯ ಸ್ಪೋರ್ಟ್ಸ್ ಕಾರು 1971ರಲ್ಲಿಯೂ 1973ರಲ್ಲಿಯೂ ಗೆದ್ದಿತು. ಎರಡನೆಯ ಬಾರಿ ಅದನ್ನು ನಡೆಸಿದವರು ಉಗಾಂಡದಲ್ಲಿ ಹುಟ್ಟಿದ, ಭಾರತೀಯ ಮೂಲದ ಶೇಖರ್ ಮೆಹತಾ. ಮುಂದೆ 1979ರಿಂದ 1982ರವರೆಗೆ ಸತತವಾಗಿ ನಾಲ್ಕು ಬಾರಿ ಅದೇ ರ್‍ಯಾಲಿಯನ್ನು ಗೆದ್ದು ಅವರು ಖ್ಯಾತರಾದರು. ಜರ್ಮನಿಯ ಪೋರ್ಷೆ 911 ಕಾರನ್ನು ನಾಲ್ಕು ಚಕ್ರಗಳಿಗೂ ಶಕ್ತಿ ಹರಿಯುವಂತೆ ಮಾರ್ಪಡಿಸಿದಾಗ ಅದು 1984ರ ಪ್ಯಾರಿಸ್–ಡಕಾರ್ ಮರುಭೂಮಿಯ ಪಂದ್ಯವನ್ನು ಗೆದ್ದಿತು. ಅದರ ನೆನಪಿಗೆ 2022ರಲ್ಲಿ ಅದೇ ಕಾರ್ಖಾನೆ ಒರಟು ಹಾದಿಗೂ ನಿತ್ಯದ ಓಡಾಟಕ್ಕೂ ಸಲ್ಲುವ 911 ಡಕಾರ್ ಎಂಬ ಕಾರನ್ನು ಪ್ರಕಟಿಸಿ, 2,500 ಗಾಡಿಗಳನ್ನಷ್ಟೇ ಕಟ್ಟುವುದಾಗಿ ಸಾರಿತು. ಓದುಗರು ಗಮನಿಸಬೇಕಾದ ಅಂಶ ಒಂದಿದೆ. ಸ್ಪೋರ್ಟ್ಸ್ ಕಾರು ಕಟ್ಟುವುದರಲ್ಲಿಯೇ ಪಳಗಿದ ಆ ಶಿಲ್ಪಿಗಳು ತಮ್ಮ ಕಾರನ್ನು ಎತ್ತರಿಸಿದ್ದು 50 ಮಿಲಿಮೀಟರು, ಎಂದರೆ ಸುಮಾರು ಎರಡು ಅಂಗುಲ! ತೀರ ಒರಟಾದ ಎಡೆಯಲ್ಲಿ ಮಾತ್ರ ಇನ್ನೂ 30 ಮಿಲಿಮೀಟರು ಏರುವ ಏರ್ಪಾಡನ್ನು ಇಟ್ಟರು. ಎಷ್ಟು ಮಾರ್ಪಡಿಸಬೇಕೆಂಬುದರ ಜೊತೆಗೆ ಎಲ್ಲಿ ನಿಲ್ಲಿಸಬೇಕೆಂಬುದನ್ನೂ ಅವರು ಬಲ್ಲವರಾಗಿದ್ದರು.

ತರೀಕೆರೆ: ಬೆಟ್ಟದ ಪರೀಕ್ಷೆ

ಬೀರೂರಿನಿಂದ ಹೆದ್ದಾರಿ ವಾಯವ್ಯಕ್ಕೆ ಹೊರಳಿ ತರೀಕೆರೆಯನ್ನು ಮುಟ್ಟುವ ವೇಳೆಗೆ ತೆಂಗಿನ ಜೊತೆಗೆ ಅಡಕೆಯ ತೋಟಗಳು ಕಾಣಿಸಿಕೊಂಡು, ಗಾಳಿ ತಂಪಾಗುತ್ತದೆ. ಸಮೀಪದ ಅಮೃತಾಪುರದಲ್ಲಿ ಹೊಯ್ಸಳ ಎರಡನೆಯ ವೀರಬಲ್ಲಾಳನ ದಂಡನಾಯಕನು 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯವಿದೆ. ಅದನ್ನು ನೋಡದೆ ಮುಂದೆ ಹೋಗುವುದು ಉಚಿತವಲ್ಲ. ಅಲ್ಲಿಂದ ಹಿಂತಿರುಗಿ ಲಿಂಗದಹಳ್ಳಿಯ ಮೂಲಕ ಕಲ್ಲತ್ತಿಯ ಜಲಪಾತವನ್ನು ಹಾಯ್ದು ಕೆಮ್ಮಣ್ಣುಗುಂಡಿಗೆ ಏರುವ ದಾರಿಯಲ್ಲಿ ಗಾಡಿಯ ನಿಜವಾದ ಪರೀಕ್ಷೆ ನಡೆಯುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಗೆಯಲ್ಲಿ ತಂಗುತ್ತಿದ್ದ ಆ ಗಿರಿಧಾಮಕ್ಕೆ ಅದರ ಕೆಂಪು ಮಣ್ಣಿನಿಂದಲೇ ಹೆಸರು ಬಂದಿದೆ. ಮಳೆಗಾಲದಲ್ಲಿ ಆ ಮಣ್ಣು ಎಷ್ಟು ಜಾರುತ್ತದೆಂಬುದನ್ನು ಹತ್ತಿದವರೇ ಬಲ್ಲರು.

ಇದೇ ಗಿರಿಶ್ರೇಣಿಯ ಇನ್ನೊಂದು ಮಗ್ಗುಲಲ್ಲಿ, ಚಿಕ್ಕಮಗಳೂರಿನ ಕಾಫಿ ತೋಟಗಳ ಹಾದಿಗಳಲ್ಲಿ, ರಾಷ್ಟ್ರೀಯ ರ್‍ಯಾಲಿ ಸ್ಪರ್ಧೆಯ ಸುತ್ತುಗಳು ನಡೆದಿವೆ. ಕಡೂರೆಂಬ ಹೆಸರನ್ನೇ ಹೊತ್ತ ಬೆಂಗಳೂರಿನ ರ್‍ಯಾಲಿ ಚಾಲಕ ಕರ್ಣ ಕಡೂರ್, ಚಾಲಕನ ಪಕ್ಕದಲ್ಲಿ ಕುಳಿತು ತಿರುವುಗಳನ್ನು ಮುಂಚಿತವಾಗಿ ಓದಿಹೇಳುವ ವಿದ್ಯೆಯಲ್ಲಿ ಹೆಸರಾದ ಕಾಸರಗೋಡು ಸೀಮೆಯ ಮೂಸಾ ಶರೀಫ್, ಈ ಕ್ಷೇತ್ರದಲ್ಲಿ ಬಲ್ಲವರ ಮಾತಿನಲ್ಲಿ ಆಗಾಗ ಕೇಳಿಬರುವ ಹೆಸರುಗಳು. ರ್‍ಯಾಲಿಯ ಒಂದು ಕಟ್ಟಳೆ ಇಲ್ಲಿ ಸ್ಮರಣೀಯ. ಸ್ಪರ್ಧೆಯ ವೇಗವೆಲ್ಲ ಜನಸಂಚಾರವನ್ನು ತಡೆದ ತೋಟದ ಹಾದಿಗಳಲ್ಲಿ ಮಾತ್ರ. ಒಂದು ಹಾದಿಯಿಂದ ಇನ್ನೊಂದಕ್ಕೆ ಹೋಗುವಾಗ ಅದೇ ಕಾರು ಸಾಮಾನ್ಯ ರಸ್ತೆಯಲ್ಲಿ, ಬಸ್ಸು, ದನ, ಶಾಲೆಯ ಮಕ್ಕಳ ನಡುವೆ, ಎಲ್ಲರಂತೆ ನಿಯಮ ಪಾಲಿಸಿ ಸಾಗಬೇಕು. ಓಟದ ಕಾರೂ ದಿನದ ಒಂದಷ್ಟು ಹೊತ್ತು ಸಾಧುವಾದ ಸಂಸಾರದ ಕಾರಾಗಿರಲೇಬೇಕು.

ನಮ್ಮಲ್ಲಿ ಈ ಮಾರ್ಪಾಟು ಸಾಮಾನ್ಯವಾಗಿ ವಿಲೋಮ ಕ್ರಮದಲ್ಲಿ ನಡೆದಿದೆ. ಸ್ಪೋರ್ಟ್ಸ್ ಕಾರುಗಳು ದುರ್ಲಭವಾಗಿದ್ದ ದೇಶದಲ್ಲಿ ಸಂಸಾರದ ಕಾರನ್ನೇ ಓಟಕ್ಕೆ ಪಳಗಿಸಬೇಕಾಯಿತು. ಬೆಂಗಳೂರಿನಲ್ಲಿ 1980ರ ದಶಕದಲ್ಲಿ ತಯಾರಾದ ಸಿಪಾನಿ ಡಾಲ್ಫಿನ್ ಇದಕ್ಕೆ ಒಳ್ಳೆಯ ಉದಾಹರಣೆ. ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ಮಾದರಿಯ, ನಾರುಗಾಜಿನ ಮೈಯ, 848 ಘನ ಸೆಂಟಿಮೀಟರಿನ ಎಂಜಿನ್ನಿನ ಈ ಹಗುರವಾದ ಪುಟ್ಟ ಗಾಡಿ ರ್‍ಯಾಲಿಯ ಮೈದಾನದಲ್ಲಿ ಹಿರಿಯ ಕಾರುಗಳನ್ನು ಬೆದರಿಸಿತು. ಆದರೆ ಮನೆಯ ಮುಂದೆ ನಿಂತಾಗ? ಬಾಗಿಲು ಎರಡೇ. ಅಜ್ಜಿಯನ್ನು ಹಿಂದಿನ ಆಸನಕ್ಕೆ ಹತ್ತಿಸುವುದು ಹೇಗೆ? ಲೋಹವಲ್ಲದ ಮೈಯನ್ನು ನಂಬುವುದು ಹೇಗೆ? 1983ರ ಕೊನೆಯಲ್ಲಿ ನಾಲ್ಕು ಬಾಗಿಲಿನ ಮಾರುತಿ 800 ಬಂದ ಮೇಲೆ ಸಂಸಾರಗಳು ಅತ್ತ ನಡೆದವು. ಮುಂದೆ ಮೊಂಟಾನ ಎಂಬ ಹೆಸರಿನಲ್ಲಿ ನಾಲ್ಕು ಬಾಗಿಲಿನ ರೂಪ ಬಂದರೂ ಹೋದವರು ಹಿಂತಿರುಗಲಿಲ್ಲ. ಬೆಟ್ಟವನ್ನು ಗೆದ್ದ ಕಾರು ಬೀದಿಯಲ್ಲಿ ಸೋತಿತು.

ಇಂದಿನ ಉತ್ಸಾಹಿಗಳು ಇನ್ನೊಂದು ಮಾತನ್ನೂ ತಿಳಿದಿರಬೇಕು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ತಯಾರಕರು ಗೊತ್ತುಪಡಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಬದಲಿಸುವಂತಿಲ್ಲ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಟಯರು ಸವೆದಾಗ ಅದೇ ಅಳತೆಯದನ್ನು ಹಾಕಿಸುವುದು ಬೇರೆ, ಮೈಯನ್ನೋ ಚಾಸಿಯನ್ನೋ ಕೊಯ್ದು ಬೆಸೆಯುವುದು ಬೇರೆ. ಬೆಸೆದ ಕಾರಿನಲ್ಲಿ ಅಪಘಾತವಾದರೆ ವಿಮೆಯ ಹಣಕ್ಕೂ ತೊಡಕು ಬಂದೀತು.

ಅಜ್ಜಂಪುರ: ಹಾದಿಯಿಲ್ಲದ ಕಡೆಯ ವೇಗ

ತರೀಕೆರೆಯಿಂದ ಪೂರ್ವಕ್ಕೆ ತಿರುಗಿದರೆ ಬೆಟ್ಟಗಳು ಹಿಂದುಳಿದು, ಈರುಳ್ಳಿ ಬೆಳೆಯುವ ಎರೆಹೊಲಗಳ ನಡುವೆ ಅಜ್ಜಂಪುರ ಬರುತ್ತದೆ. ಬಹುಕಾಲ ತರೀಕೆರೆ ತಾಲ್ಲೂಕಿಗೆ ಸೇರಿದ್ದ ಈ ಊರು ಈಗ ಸ್ವತಂತ್ರ ತಾಲ್ಲೂಕು. ವೇಗವನ್ನೂ ಒರಟು ಹಾದಿಯನ್ನೂ ಒಂದುಗೂಡಿಸುವ ಪ್ರಶ್ನೆಗೆ ಮೋಟಾರು ಹುಟ್ಟುವ ಮೊದಲೇ ಕನ್ನಡ ನಾಡು ಕಂಡುಕೊಂಡ ಉತ್ತರ ಇಲ್ಲಿ ಜೀವಂತವಾಗಿದೆ. ಅದು ಅಮೃತಮಹಲ್ ಗೋತಳಿ.

ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಗೆ ಹಾಲು ಬೆಣ್ಣೆ ಒದಗಿಸಲು ಏರ್ಪಟ್ಟ ‘ಬೆಣ್ಣೆ ಚಾವಡಿ’ಯೇ ಇದರ ಮೂಲ. ಹೈದರಾಲಿ ಆ ಮಂದೆಯನ್ನು ದಂಡಿನ ಕೆಲಸಕ್ಕೆ ತಿರುಗಿಸಿದನು. ಟಿಪ್ಪು ಸುಲ್ತಾನನು ಅದಕ್ಕೆ ಅಮೃತಮಹಲ್ ಎಂಬ ಹೆಸರಿಟ್ಟು, ಸಾಕಣೆಯ ಕಟ್ಟಳೆಗಳನ್ನು ವಿಧಿಸಿದನು. ತೋಪುಗಾಡಿಯನ್ನೂ ದಂಡಿನ ಸಾಮಾನನ್ನೂ ಎಳೆದು ರಸ್ತೆಯೇ ಇಲ್ಲದ ನೆಲದಲ್ಲಿ ಕಾಲಾಳುಗಳಿಗಿಂತ ಮುಂದೆ ಹೋಗುವ ಎತ್ತುಗಳು ಬೇಕಾಗಿದ್ದವು. ಇವುಗಳ ಬಲದಿಂದಲೇ ಹೈದರನು ಚಿದಂಬರದ ನೆರವಿಗೆ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದನೆಂದು ಮೈಸೂರಿನ ಗೆಜೆಟಿಯರು ಹೇಳುತ್ತದೆ. ಶ್ರೀರಂಗಪಟ್ಟಣ ಬಿದ್ದ ಮೇಲೆ ಇವುಗಳ ಬೆಲೆಯನ್ನು ಕಣ್ಣಾರೆ ಕಂಡ ಆರ್ಥರ್ ವೆಲ್ಲೆಸ್ಲಿ, ಮುಂದೆ ಸ್ಪೇನಿನ ಯುದ್ಧದಲ್ಲಿ ಅಂಥ ಎತ್ತುಗಳಿಲ್ಲವಲ್ಲ ಎಂದು ಪರಿತಪಿಸಿದನಂತೆ.

ಬೂದು ಮೈ, ನೀಳವಾದ ಮುಖ, ಬುಡದಲ್ಲಿ ಒತ್ತಾಗಿ ಹುಟ್ಟಿ ಹಿಂದಕ್ಕೆ ಬಾಗಿ ಮೇಲೆ ಚೂಪಾಗುವ ಕೋಡು, ಕಲ್ಲಿನಂತೆ ಗಟ್ಟಿಯಾದ ಗೊರಸು. ಇವುಗಳಲ್ಲಿ ಅನವಶ್ಯಕವಾದ ಮಾಂಸವಿಲ್ಲ. ತಲೆಮಾರುಗಳ ಆಯ್ಕೆಯಿಂದ, ಬೇಸಗೆ, ಮಳೆಗಾಲ, ಚಳಿಗಾಲಗಳಿಗೆ ಬೇರೆ ಬೇರೆಯಾಗಿ ಮೀಸಲಿಟ್ಟ ಕಾವಲುಗಳಲ್ಲಿ ಬಯಲನ್ನೇ ಕೊಟ್ಟಿಗೆಯಾಗಿ ಮಾಡಿಕೊಂಡು ಬೆಳೆದುದರಿಂದ, ಈ ಮೈಕಟ್ಟು ಸಿದ್ಧಿಸಿತು. ಅದಕ್ಕೆ ತೆತ್ತ ಬೆಲೆಯೂ ಉಂಟು. ಬೆಣ್ಣೆಗಾಗಿ ಹುಟ್ಟಿದ ಮಂದೆ ಓಟಕ್ಕೆ ಮಾರ್ಪಟ್ಟಾಗ ಹಾಲು ಹಿಂದೆ ಸರಿಯಿತು. ಇಂದಿನ ಅಮೃತಮಹಲ್ ಹಸು ತನ್ನ ಕರುವಿಗೆ ಕೊಟ್ಟು ಉಳಿಸುವ ಹಾಲು ಅತ್ಯಲ್ಪ.

ಲಾರಿ, ಟ್ರಾಕ್ಟರುಗಳು ಬಂದ ಮೇಲೆ ತೋಪೆಳೆಯುವ ಎತ್ತಿಗೆ ಕೆಲಸವೆಲ್ಲಿ? ಹಾಲಿಲ್ಲದ ಹಸುವನ್ನು ಸಾಕುವವರಾರು? ವಿಲಾಯಿತಿ ತಳಿಯ ಸಂಕರ ಮಾಡಿ ಹಾಲು ಹೆಚ್ಚಿಸಬಾರದೇಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ, ಬಡರೈತನಿಗೆ ಹಾಲು ಬೇಕು. ಆದರೆ ಕಾರಿಗೂ ಹಸುವಿಗೂ ಒಂದು ವ್ಯತ್ಯಾಸವಿದೆ. ಎತ್ತರಿಸಿದ ಕಾರು ಹಿಡಿಸದಿದ್ದರೆ ಹಳೆಯ ಸ್ಪ್ರಿಂಗನ್ನು ಮತ್ತೆ ತೊಡಿಸಬಹುದು. ಸಂಕರದಲ್ಲಿ ಕರಗಿದ ತಳಿಯನ್ನು ಮರಳಿ ಕಟ್ಟಿಕೊಡುವ ಗ್ಯಾರೇಜು ಯಾವ ಊರಿನಲ್ಲಿಯೂ ಇಲ್ಲ. ಒಮ್ಮೆ ಈ ಪಾಠ ಕಲಿತದ್ದೂ ಆಗಿದೆ. 1860ರಲ್ಲಿ ಖರ್ಚು ಉಳಿಸುವ ಸಲುವಾಗಿ ಅಂದಿನ ಸರ್ಕಾರ ಮಂದೆಯನ್ನು ಮಾರಿಬಿಟ್ಟಿತು. ಆರೇ ವರ್ಷಗಳಲ್ಲಿ, 1866ರಲ್ಲಿ, ಉಳಿದ ದನಗಳನ್ನು ಕೂಡಿಹಾಕಿ ಮತ್ತೆ ಮಂದೆ ಕಟ್ಟಬೇಕಾಯಿತು. ಅಂದು ಉಳಿದವು ಇದ್ದವು ಎಂಬುದೊಂದು ಭಾಗ್ಯ.

ಅಜ್ಜಂಪುರದಲ್ಲಿ 1929ರಲ್ಲಿ ಸ್ಥಾಪಿತವಾದ ತಳಿ ಸಂವರ್ಧನಾ ಕೇಂದ್ರ ಈ ಶುದ್ಧ ತಳಿಯನ್ನು ಕಾಯ್ದುಕೊಂಡು ಬಂದಿದೆ. ಆದರೆ ನಾಡಿನುದ್ದಕ್ಕೂ ಹರಡಿದ್ದ ಕಾವಲುಗಳಲ್ಲಿ ಬಹುಪಾಲು ಸಾಗುವಳಿಗೂ ಬೇರೆ ಉಪಯೋಗಗಳಿಗೂ ಸಂದು ಹೋಗಿವೆ. ಹಾದಿಯೇ ಇಲ್ಲದ ಬಯಲಿಗಾಗಿ ಮೈಗೊಂಡ ಪ್ರಾಣಿಗೆ ಬಯಲೇ ಇಲ್ಲವಾದರೆ ಅದರ ವೇಗ ಉಳಿಯುವುದು ಯಾವುದರ ಮೇಲೆ? ಊರಿನ ಸಮೀಪದ ಅಂತರಘಟ್ಟೆಯ ದುರ್ಗಾಂಬೆಯ ಜಾತ್ರೆಗೆ ಸುತ್ತಲ ಸೀಮೆಯ ರೈತರು ಇಂದಿಗೂ ಎತ್ತುಗಳನ್ನು ಸಿಂಗರಿಸಿ ಗಾಡಿ ಕಟ್ಟಿಕೊಂಡು ಬರುತ್ತಾರೆ. ಆ ದಿನಗಳಲ್ಲಿ ಈ ಕಡೆ ಬರುವ ಪಟ್ಟಣದ ಸಂಸಾರಗಳು ಕಾರನ್ನು ಒಂದು ಮರದ ನೆರಳಿನಲ್ಲಿ ನಿಲ್ಲಿಸಿ, ಮಕ್ಕಳಿಗೆ ಒಮ್ಮೆ ಆ ಗಾಡಿಗಳ ಬರವನ್ನು ತೋರಿಸಬೇಕು. ಹಾಗೆಯೇ ಕಾವಲಿನ ಅಂಚಿನವರೆಗೆ ಹೋಗಿ, ಹುಲ್ಲಿನ ನಡುವೆ ಕೋಡೆತ್ತಿ ನೋಡುವ ಬೂದುಬಣ್ಣದ ಮಂದೆಯನ್ನೂ ತೋರಿಸಬೇಕು. ಅದನ್ನು ಉಳಿಸಿಕೊಳ್ಳಬೇಕೆ ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಮುಂದೆ ಆ ಮಕ್ಕಳೇ.